ಕೊಕ್ಕರೆ ಹೆಡ್‌ಮೇಷ್ಟ್ರು ಮತ್ತು ಎರೆಮಣ್ಣಿನ ಹಾಜರಿ

ಮುತ್ತಗನಕೆರೆ ಅಂತ ಒಂದು ಕೆರೆ ಇತ್ತು ಮಕ್ಕಳೇ. ಈಗಿನ ಕೆರೆಗಳ ಹಾಗೆ ಅಂಗೈಯಗಲದ ಕೆರೆಯಲ್ಲ. ಈ ದಡದಲ್ಲಿ ಹುಟ್ಟಿದ ಮೀನು ಆ ದಡ ನೋಡೋಣ ಅಂತ ಹೊರಟರೆ, ಅಲ್ಲಿ ಮುಟ್ಟುವಷ್ಟರಲ್ಲಿ ಅದಕ್ಕೆ ಮೊಮ್ಮಕ್ಕಳಾಗಿರುತ್ತಿದ್ದವು. ಅಂಥ ಕೆರೆ!

ಕೆರೆಯ ಏರಿಯ ಕೆಳಗೆ ಒಂದು ಹೊಂಗೆಮರ. ಮರದ ನೆರಳಲ್ಲಿ ಒಂದು ಶಾಲೆ. ಅಲ್ಲಿ ಕಾಗುಣಿತ, ಮಗ್ಗಿ ಏನೂ ಇರಲಿಲ್ಲ. ಬದುಕಿ ಉಳಿಯುವುದು ಹೇಗೆ, ಅದೊಂದೇ ಪಾಠ.

ಟಿಟ್ಟಿಭ ಹಕ್ಕಿ ಮಲ್ಲೇಶಿ ಮೇಷ್ಟ್ರು ಕಲ್ಲಿನ ಪಕ್ಕ ಕಲ್ಲಾಗಿ ಕೂರುವುದನ್ನು ಕಲಿಸುತ್ತಿದ್ದ. ಅವನ ಗಂಟಲು ಎಂಥದೆಂದರೆ, ಒಂದು ಸಲ ಕೂಗಿದರೆ ಮೇಲೆ ಹೋಗುತ್ತಿದ್ದ ಮೋಡ ಬೆಚ್ಚಿಬಿದ್ದು ನಾಲ್ಕು ಹನಿ ಉದುರಿಸುತ್ತಿತ್ತು. ಇನ್ನೊಬ್ಬಳು ಮೊಲದ ದ್ಯಾಮಕ್ಕ. ಅವಳದು ಹೆಜ್ಜೆ ಮುಚ್ಚುವ ಪಾಠ. ಓಡುತ್ತಾ ಓಡುತ್ತಾ ಗಕ್ಕನೆ ತಿರುಗುವುದು, ಬಂದ ದಾರಿಯಲ್ಲೇ ಹತ್ತು ಹೆಜ್ಜೆ ಹಿಂದಕ್ಕೆ ಬರುವುದು, ಅಲ್ಲಿಂದ ಪಕ್ಕಕ್ಕೆ ಒಂದೇ ನೆಗೆತ. ಬೆನ್ನು ಹತ್ತಿ ಬಂದವನಿಗೆ ಹೆಜ್ಜೆ ಗಾಳಿಯಲ್ಲಿ ಮಾಯವಾದ ಹಾಗೆ ಕಾಣಬೇಕು. ದ್ಯಾಮಕ್ಕ ಸ್ವತಃ ಓಡಿದರೆ ಅವಳ ನೆರಳು ಹಿಂದೆ ಉಳಿದುಬಿಡುತ್ತಿತ್ತು. ಸಂಜೆ ಹೊತ್ತಿಗೆ ಏದುಸಿರು ಬಿಡುತ್ತಾ ಬಂದು ಸೇರಿಕೊಳ್ಳುತ್ತಿತ್ತು. ಕಣ್ಣಾರೆ ಕಂಡವರು ಹೇಳಿದ್ದು, ನಂಬದಿದ್ದರೆ ನಷ್ಟ ನಿಮಗೇ.

ಆ ಶಾಲೆಗೆ ಮೊದಲು ಆಮೆ ಕಲ್ಲಜ್ಜ ಹೆಡ್‌ಮೇಷ್ಟ್ರಾಗಿದ್ದ. ಅವನು ಒಂದು ತರಗತಿಯಿಂದ ಇನ್ನೊಂದಕ್ಕೆ ಹೊರಟರೆ ಮುಟ್ಟುವ ಹೊತ್ತಿಗೆ ಪಾಠ ಮುಗಿದಿರುತ್ತಿತ್ತು. ಆದರೂ ಹೋಗುತ್ತಿದ್ದ. ಹೋಗಿ ಪಕ್ಕದಲ್ಲಿ ಕೂತು, "ಇವತ್ತು ಯಾರಿಗೆ ತಲೆಗೆ ಹತ್ತಲಿಲ್ಲವ್ವಾ?" ಅಂತ ಕೇಳುತ್ತಿದ್ದ. ದ್ಯಾಮಕ್ಕ ಹೇಳುತ್ತಿದ್ದಳು. ಅವನು ಕೇಳುತ್ತಿದ್ದ. ಅಷ್ಟೇ. ಆದರೆ ಆ ಅಷ್ಟರಲ್ಲೇ ದ್ಯಾಮಕ್ಕನ ದಣಿವು ಇಳಿದುಹೋಗುತ್ತಿತ್ತು.

ಇನ್ನೊಂದು ಮಾತು ಹೇಳಬೇಕು. ಮರಿಗಳ ತಾಯಂದಿರು ಹೊಲಕ್ಕೆ ಕಾಳು ಹೆಕ್ಕಲು ಹೋದವರು ವಾಪಸು ಬರುವುದು ಸೂರ್ಯ ಮುಳುಗುವಾಗ. ಪಾಠ ಅದಕ್ಕಿಂತ ಮೊದಲೇ ಮುಗಿಯುತ್ತಿತ್ತು. ನಡುವಿನ ಆ ಹೊತ್ತಿನಲ್ಲಿ ಮೇಷ್ಟ್ರುಗಳು ಮನೆಗೆ ಹೋಗಬಹುದಿತ್ತು. ಯಾರೂ ಹೋಗುತ್ತಿರಲಿಲ್ಲ. ಕೊನೆಯ ಮರಿ ತಾಯಿಯ ರೆಕ್ಕೆಯಡಿ ಸೇರುವವರೆಗೆ ಹೊಂಗೆಮರದ ಕೆಳಗೇ ಇರುತ್ತಿದ್ದರು. ಇರಿ ಅಂತ ಯಾರೂ ಹೇಳಿರಲಿಲ್ಲ.

ಆ ಹೊತ್ತಿನಲ್ಲೇ ದ್ಯಾಮಕ್ಕ ಚೆನ್ನಿಯನ್ನು ಓಡಿಸುತ್ತಿದ್ದಳು. ಚೆನ್ನಿ ಅಂದರೆ ಕೌಜುಗದ ಹಕ್ಕಿಮರಿ. ಮೈ ತುಂಬ ಚುಕ್ಕೆ, ಕಡ್ಡಿಯಂಥ ಕಾಲು, ಬಾಯಿ ಮಾತ್ರ ಬಹಳ ಜೋರು. ಹೆದರಿದರೆ ಮೂಗಿನ ನೇರಕ್ಕೆ ಓಡುತ್ತಿದ್ದಳು. ತಿರುಗು ಅಂದರೆ ಮುಗ್ಗರಿಸಿ ಬೀಳುತ್ತಿದ್ದಳು.

"ಟೀಚರ್, ನನ್ನ ಕಾಲಿಗೆ ತಿರುಗೋದು ಗೊತ್ತೇ ಇಲ್ಲ. ಅದು ನೇರ ಕಾಲು," ಅನ್ನುತ್ತಿದ್ದಳು.

"ನೇರ ಕಾಲನ್ನ ನರಿ ನೇರವಾಗಿ ತಿನ್ನುತ್ತೆ. ಏಳು, ಇನ್ನೊಂದು ಸಲ," ಅನ್ನುತ್ತಿದ್ದಳು ದ್ಯಾಮಕ್ಕ.

ಕೆರೆಯ ಸುತ್ತ ಆಳೆತ್ತರದ ಜೋಳ ನಿಂತಿತ್ತು. ಜೋಳ ನಿಂತಿರುವವರೆಗೆ ಹೆದರಿಕೆಯಿಲ್ಲ, ಎಲ್ಲಿ ಬೇಕಾದರೂ ನುಗ್ಗಿ ಅಡಗಬಹುದು. ಜೋಳ ಕೊಯ್ದ ಮೇಲೆ ಬರೀ ಕೂಳೆ. ಆಗ ಗುಡ್ಡದ ನರಿ ಕೆಳಗಿಳಿಯುತ್ತದೆ. ಅಷ್ಟರೊಳಗೆ ಚೆನ್ನಿಗೆ ಆ ತಿರುವು ಬಂದುಬಿಡಬೇಕು. ದ್ಯಾಮಕ್ಕನಿಗೆ ಹಗಲೂ ಅದೇ ಚಿಂತೆ, ಕನಸಿನಲ್ಲೂ ಅದೇ ಚಿಂತೆ.

ಹೀಗಿರುವಾಗ ಕಲ್ಲಜ್ಜನಿಗೆ ವಯಸ್ಸಾಯಿತು. "ಮಗಳ ಮನೆ ಆ ದಡದಲ್ಲಿದೆ, ಹೋಗಿ ಇದ್ದುಬಿಡ್ತೀನಿ," ಅಂತ ಎಲ್ಲರಿಗೂ ಹೇಳಿ ಹೊರಟ. ಹೊರಟ ಮೂರನೆಯ ದಿನವೂ ಹೊಂಗೆಮರದಿಂದ ಅವನ ಬೆನ್ನು ಕಾಣುತ್ತಿತ್ತು.

ಅವನ ಜಾಗಕ್ಕೆ ದೊಡ್ಡ ಹೊಳೆಯ ಕಡೆಯಿಂದ ಕೊಕ್ಕರೆ ಉಮಾಪತಯ್ಯ ಬಂದ. ಬೆಳ್ಳಗಿನ ಮೈ, ನೀಳವಾದ ಕಾಲು, ಕೊಕ್ಕು ಬಡಿದರೆ ಟಕ ಟಕ ಟಕ ಅಂತ ಹಲಗೆ ಬಡಿದ ಸದ್ದು. ಕೆಟ್ಟವನಲ್ಲ ಮಕ್ಕಳೇ. ನಮ್ಮ ಶಾಲೆ ಹತ್ತು ಕೆರೆಗೆ ಮೊದಲನೆಯದಾಗಬೇಕು ಅನ್ನುವ ಆಸೆ ಅವನಿಗೆ ನಿಜವಾಗಿಯೂ ಇತ್ತು. ಆದರೆ ಅವನಲ್ಲಿ ಒಂದು ಹುಳುಕಿತ್ತು. ತನ್ನ ಕಣ್ಣಿಗೆ ಬೀಳದ ಕೆಲಸವನ್ನು ಅವನು ಕೆಲಸ ಅಂತಲೇ ನಂಬುತ್ತಿರಲಿಲ್ಲ.

ಬಂದ ದಿನವೇ ಎತ್ತರದ ಕಲ್ಲು ಹತ್ತಿ ಒಂಟಿಕಾಲಲ್ಲಿ ನಿಂತ.

"ಈ ಶಾಲೆಯಲ್ಲಿ ದುಡಿಯೋರು ಯಾರು, ಕಳ್ಳ ಬೀಳೋರು ಯಾರು?" ಅಂತ ಕೇಳಿದ.

ಮಲ್ಲೇಶಿ ಕತ್ತು ಕೊಂಕಿಸಿ, "ಇಲ್ಲಿ ಯಾರೂ ಕಳ್ಳ ಬೀಳಲ್ಲ ಸಾರ್," ಅಂದ.

"ಎಲ್ಲರೂ ಹಾಗೇ ಹೇಳೋದು. ಗುರುತು ಎಲ್ಲಿ?"

ಗುರುತಿಗೆ ಅವನೇ ದಾರಿ ಕಂಡುಹಿಡಿದ. ಕಲ್ಲಿನ ಬುಡದಲ್ಲಿ ಹಿಂದೆ ಎಮ್ಮೆಗಳು ಹೊರಳುತ್ತಿದ್ದ ಒಂದು ಹಳೆಯ ಗುಂಡಿ ಇತ್ತು. ಅದಕ್ಕೆ ಎರೆಮಣ್ಣು ತುಂಬಿಸಿದ. ಒಣಗದಂತೆ ನೀರು ಚಿಮುಕಿಸಲು ಎರಡು ಕಪ್ಪೆಗಳನ್ನು ನೇಮಿಸಿದ. ಅಂಚಿನುದ್ದಕ್ಕೂ ಕಡ್ಡಿ ನೆಟ್ಟು ಮನೆಮನೆಯಾಗಿ ಭಾಗ ಮಾಡಿದ. ಇದು ಟಿಟ್ಟಿಭದ್ದು, ಇದು ಮೊಲದ್ದು, ಇದು ಉಳಿದವರದ್ದು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ಅವನು ಕೊಕ್ಕು ಬಡಿದ ಕೂಡಲೇ ಮೇಷ್ಟ್ರುಗಳು ಓಡಿಬಂದು ತಮ್ಮ ತಮ್ಮ ಮನೆಯಲ್ಲಿ ಹೆಜ್ಜೆ ಊರಬೇಕು. ಅದೇ ಹಾಜರಿ.

ದ್ಯಾಮಕ್ಕನಿಗೆ ಗಾಬರಿಯಾಯಿತು. "ಸಾರ್, ನಾನು ಕಲಿಸೋದೇ ಹೆಜ್ಜೆ ಮುಚ್ಚೋದನ್ನ. ಮರಿಗಳ ಕಣ್ಣೆದುರಿಗೆ ನಾನೇ ಬಂದು ದಿನಕ್ಕೆ ಮೂರು ಸಲ ಹೆಜ್ಜೆ ಒತ್ತಿದರೆ ಹೇಗೆ?"

"ಪಾಠ ಬೇರೆ, ಹಾಜರಿ ಬೇರೆ," ಅಂದ ಉಮಾಪತಯ್ಯ.

"ನಮ್ಮ ಕಾಡಿನಲ್ಲಿ ಹೆಜ್ಜೆ ಬಿಟ್ಟವರು ಉಳಿದಿಲ್ಲ ಸಾರ್."

"ನಮ್ಮ ಶಾಲೆಯಲ್ಲಿ ಹೆಜ್ಜೆ ಬಿಡದವರು ಉಳಿಯೋದಿಲ್ಲ ದ್ಯಾಮಕ್ಕ."

ಆ ಮಾತಿಗೆ ಕಪ್ಪೆಗಳು ವಟವಟ ನಕ್ಕವು. ದ್ಯಾಮಕ್ಕ ಕಿವಿ ಇಳಿಸಿಕೊಂಡು ಬಂದು ಹೆಜ್ಜೆ ಊರಿದಳು. ಮಣ್ಣು ತಣ್ಣಗೆ ಬೆರಳಸಂದಿಗೆ ಅಂಟಿತು.

ಹೀಗೆ ದಿನ ಉರುಳಿದವು. ಚೆನ್ನಿಯನ್ನು ಓಡಿಸಿ, ಬೀಳಿಸಿ, ಎಬ್ಬಿಸಿ, ಇನ್ನೇನು ಕಾಲು ಹದಕ್ಕೆ ಬಂತು ಅನ್ನುವಾಗ ಟಕ ಟಕ ಟಕ. ದ್ಯಾಮಕ್ಕ ಪಾಠ ಬಿಟ್ಟು ಓಡಬೇಕು. ಹೆಜ್ಜೆ ಊರಿ, ಕಾಲು ಕೊಡವಿಕೊಂಡು ಬರುವಷ್ಟರಲ್ಲಿ ಚೆನ್ನಿ ಒಂದು ಮಿಡತೆಯ ಹಿಂದೆ ಬಿದ್ದು ಕಲಿತದ್ದನ್ನೆಲ್ಲ ಮರೆತಿರುತ್ತಿದ್ದಳು.

"ಎಲ್ಲಿಗೆ ಬಂದಿದ್ವಿ ಚೆನ್ನಿ?"

"ಮಿಡತೆ ಹತ್ತಿರ, ಟೀಚರ್."

ಒಂದು ಮಧ್ಯಾಹ್ನ ಹೀಗಾಯಿತು. ಚೆನ್ನಿ ಓಡುತ್ತಿದ್ದಳು. ಕಾಲು ಎಡಕ್ಕೆ ವಾಲಿತು, ಮೈ ವಾಲಿತು. ಅಷ್ಟರಲ್ಲಿ ಕೊಕ್ಕು ಬಡಿಯಿತು. ದ್ಯಾಮಕ್ಕ ಒಂದು ಕಿವಿ ಅತ್ತ ತಿರುಗಿಸಿದಳು. ಆಮೇಲೆ ಎರಡೂ ಕಿವಿ ಮಡಚಿ ಬೆನ್ನಿಗೆ ಹಾಕಿಕೊಂಡು, "ನಿಲ್ಲಬೇಡ ಚೆನ್ನಿ! ಎಡಕ್ಕೆ! ಇನ್ನೂ ಎಡಕ್ಕೆ!" ಅಂತ ಕೂಗಿದಳು.

ಚೆನ್ನಿ ಗಿರಕ್ಕನೆ ತಿರುಗಿದಳು. ಬೀಳಲಿಲ್ಲ. ಬಂದ ದಾರಿಯಲ್ಲೇ ಹಿಂದಕ್ಕೆ ಬಂದಳು. ಪಕ್ಕಕ್ಕೆ ನೆಗೆದು ತುಂಬೆಗಿಡದೊಳಗೆ ಮಾಯವಾದಳು. ಒಂದು ಗಳಿಗೆ ಬಿಟ್ಟು ತುಂಬೆಗಿಡ ತಾನೇ ಮಾತಾಡಿತು: "ಟೀಚರ್, ನಾನು ಎಲ್ಲಿದ್ದೀನಿ ಹೇಳಿ ನೋಡೋಣ!"

ದ್ಯಾಮಕ್ಕನಿಗೆ ಆದ ಖುಷಿಗೆ ಅವಳು ನೆಗೆದ ನೆಗೆತಕ್ಕೆ ಹೊಂಗೆಮರದ ತುದಿಯ ಕಾಯಿ ಎರಡು ಅವಳ ಕೈಗೇ ಬಂದವು. ನೆಗೆಯುತ್ತಲೇ ಉಮಾಪತಯ್ಯನ ಹತ್ತಿರ ಓಡಿದಳು.

"ಸಾರ್! ಚೆನ್ನಿ ತಿರುಗಿದಳು ಸಾರ್! ಎಡಗಡೆ ಬಂತು. ಬಲಗಡೆ ಒಂದು ಕಲಿಸಿಬಿಟ್ಟರೆ ಆಯ್ತು!"

ಉಮಾಪತಯ್ಯ ಎರೆಮಣ್ಣಿನಿಂದ ಕಣ್ಣೆತ್ತಲಿಲ್ಲ. "ಮಧ್ಯಾಹ್ನದ ಹೆಜ್ಜೆ ಎಲ್ಲಿ?"

"ಅದೇ ಸಾರ್, ಆಗ ಅವಳು ತಿರುಗ್ತಾ ಇದ್ದಳು..."

"ಯಾರು ತಿರುಗಿದರು ಅಂತ ನಾನು ಕೇಳಲಿಲ್ಲ. ನಿಮ್ಮ ಮನೆ ಖಾಲಿ ಇದೆ. ಬನ್ನಿ ಇಲ್ಲಿ. ಒಂಟಿಕಾಲಲ್ಲಿ ನಿಲ್ಲಿ."

ಕೊಕ್ಕರೆಗೆ ಒಂಟಿಕಾಲೆಂದರೆ ಸುಖದ ನಿದ್ದೆ. ಮೊಲಕ್ಕೆ ಅದೆಂಥ ಕಷ್ಟ ಅಂತ ನೀವೇ ಯೋಚಿಸಿ. ದ್ಯಾಮಕ್ಕ ನಿಂತಳು, ಬಿದ್ದಳು, ನಿಂತಳು, ಬಿದ್ದಳು. ಕಪ್ಪೆಗಳು ನಕ್ಕವು. ಮರಿಗಳೂ ಅದೊಂದು ಹೊಸ ಆಟ ಅಂದುಕೊಂಡು ನಕ್ಕವು. ಚೆನ್ನಿ ಒಬ್ಬಳು ನಗಲಿಲ್ಲ. ತುಂಬೆಗಿಡದಿಂದ ಹೊರಬಂದವಳು ಮತ್ತೆ ಅದರೊಳಗೇ ಹೋಗಿ ಕೂತಳು.

ಆ ದಿನ ದ್ಯಾಮಕ್ಕನೊಳಗೆ ಏನೋ ಒಂದು ತಣ್ಣಗಾಯಿತು.

ಮಾರನೆಯ ದಿನದಿಂದ ಅವಳು ಹೊತ್ತಿಗೆ ಸರಿಯಾಗಿ ಬಂದಳು. ಮೊದಲಾದರೆ ಇಬ್ಬನಿ ಆರುವ ಮುಂಚೆ ಬಂದು ಓಡುವ ದಾರಿಯ ಮುಳ್ಳು ಆರಿಸಿಡುತ್ತಿದ್ದಳು. ಈಗ ಅದು ಯಾಕೆ? ಕೊಕ್ಕು ಬಡಿಯುವ ಮೊದಲೇ ಮಣ್ಣಿನ ಹತ್ತಿರ ಕಾದು ನಿಂತಿರುತ್ತಿದ್ದಳು. ಸಂಜೆಯ ಹೆಜ್ಜೆ ಬಿದ್ದ ಮರುಗಳಿಗೆ ಮನೆಯ ದಾರಿ.

"ಟೀಚರ್, ಬಲಗಡೆ ತಿರುಗೋದು ಇನ್ನೊಂದು ಸಲ ತೋರಿಸಿ," ಅಂತ ಚೆನ್ನಿ ಹಿಂದೆ ಹಿಂದೆ ಬಂದರೆ, "ನಾಳೆ ನೋಡೋಣ" ಅನ್ನುತ್ತಿದ್ದಳು. ನಾಳೆಯೂ ಅದೇ ಮಾತು.

ಮಲ್ಲೇಶಿ ಅವಳಿಗಿಂತ ಮೊದಲೇ ಈ ಹಾದಿ ಹಿಡಿದಿದ್ದ. "ಹೆಜ್ಜೆ ಬಿದ್ದರೆ ಮುಗೀತು ಅಕ್ಕಾ," ಅಂದ. "ನಾನು ಈಗ ಪಾಠದಲ್ಲಿ ಕಲ್ಲಾಗಿ ಕೂರೋದನ್ನ ತೋರಿಸ್ತೀನಿ ಅಂತ ಕೂತು ಹಾಗೇ ಒಂದು ನಿದ್ದೆ ತೆಗೀತೀನಿ. ಮರಿಗಳೂ ಕಲಿತವು, ನನಗೂ ನಿದ್ದೆಯಾಯ್ತು. ಹೆಡ್‌ಮೇಷ್ಟ್ರು ಬಹಳ ಸಂತೋಷವಾಗಿದ್ದಾರೆ."

ಸಂತೋಷವಾಗಿಯೇ ಇದ್ದ ಉಮಾಪತಯ್ಯ. ಮಣ್ಣಿನ ಮೇಲೆ ಹೆಜ್ಜೆಗಳು ರಂಗೋಲಿ ಹಾಕಿದ ಹಾಗೆ ಸಾಲು ಸಾಲಾಗಿ ಬೀಳುತ್ತಿದ್ದವು. ಒಂದು ಮನೆಯೂ ಖಾಲಿಯಿಲ್ಲ. "ನಾನು ಬಂದ ಮೇಲೆ ನೋಡಿ ಈ ಶಾಲೆ!" ಅಂತ ದಾರಿಯಲ್ಲಿ ಹೋಗುವ ನೀರುಕಾಗೆಗಳನ್ನೂ ಕರೆಕರೆದು ತೋರಿಸುತ್ತಿದ್ದ.

ದ್ಯಾಮಕ್ಕನಿಗೆ ಮಾತ್ರ ಎಳೆ ಗರಿಕೆಯೂ ಬಾಯಿಗೆ ರುಚಿಸುತ್ತಿರಲಿಲ್ಲ. ಕೆಲಸ ಕಡಿಮೆಯಾಗಿತ್ತು. ಆಯಾಸ ಮಾತ್ರ ಹೆಚ್ಚಾಗಿತ್ತು. ಅದು ಹೇಗೆ ಅಂತ ಅವಳಿಗೂ ಗೊತ್ತಾಗಲಿಲ್ಲ.

ಅಷ್ಟರಲ್ಲಿ ಜೋಳದ ಕೊಯ್ಲು ಶುರುವಾಯಿತು. ನಾಲ್ಕೇ ದಿನದಲ್ಲಿ ಕೆರೆಯ ಸುತ್ತ ಬರೀ ಕೂಳೆ. ನೋಡಿದಷ್ಟು ದೂರ ಬಯಲು.

ಐದನೆಯ ದಿನ ಬೆಳಿಗ್ಗೆ ದ್ಯಾಮಕ್ಕ ಹೆಜ್ಜೆ ಊರಲು ಬಗ್ಗಿದವಳು ಹಾಗೇ ನಿಂತುಬಿಟ್ಟಳು. ಎರೆಮಣ್ಣಿನ ಅಂಚಿನಲ್ಲಿ ನಾಲ್ಕು ಹೊಸ ಹೆಜ್ಜೆಗಳು. ನಾಲ್ಕು ಬೆರಳು, ನಾಲ್ಕು ಉಗುರು.

"ಸಾರ್, ಇಲ್ಲಿಗೆ ನರಿ ಬಂದಿತ್ತಾ?"

"ಬಂದಿದ್ದರು," ಅಂದ ಉಮಾಪತಯ್ಯ, ಬಹಳ ಗೌರವದಿಂದ. "ನಿನ್ನೆ ಸಂಜೆ, ಇನ್ನೇನು ಕತ್ತಲಾಗುವಾಗ. ನಾನು ಕಲ್ಲಿನ ಮೇಲೇ ಇದ್ದೆ. ಬಹಳ ತಿಳಿದವರು. ಇಂಥ ಶಿಸ್ತನ್ನ ಹತ್ತು ಗುಡ್ಡ ಸುತ್ತಿದರೂ ಕಂಡಿಲ್ಲ ಅಂದರು. ಕೂತು ಒಂದೊಂದು ಮನೆಯನ್ನೂ ಓದಿದರು. ಇದು ಯಾರದು, ಯಾವ ಹೊತ್ತಿಂದು, ಎಲ್ಲಾ ಕೇಳಿದರು. ಎಲ್ಲಾ ಹೇಳಿದೆ."

"ಎಲ್ಲಾ ಅಂದರೆ?"

"ಎಲ್ಲಾ ಅಂದರೆ ಎಲ್ಲಾ! ಮುಚ್ಚಿಡೋಕೆ ನಮ್ಮಲ್ಲಿ ಏನಿದೆ?"

ದ್ಯಾಮಕ್ಕನ ಬೆನ್ನಿನ ಕೂದಲು ನೆಟ್ಟಗಾದವು. ಯಾವ ಮೇಷ್ಟ್ರು ಯಾವಾಗ ಬರುತ್ತಾರೆ, ಯಾವಾಗ ಹೋಗುತ್ತಾರೆ, ಹೋದ ಮೇಲೆ ತಾಯಂದಿರು ಬರುವವರೆಗೆ ಮರಿಗಳು ಎಷ್ಟು ಹೊತ್ತು ಒಂಟಿಯಾಗಿರುತ್ತವೆ, ಎಲ್ಲವನ್ನೂ ತಾವೇ ಮಣ್ಣಿನ ಮೇಲೆ ಬರೆದಿಟ್ಟಿದ್ದರು. ಓದಲು ಬಂದವನು ಹೆಜ್ಜೆ ಓದಿಯೇ ಹೊಟ್ಟೆ ಹೊರೆಯುವವನು!

"ಸಾರ್, ಅವನು ಮರಿಗಳಿಗಾಗಿ ಬಂದಿದ್ದು."

"ನಿಮಗೆ ಎಲ್ಲರ ಮೇಲೂ ಅನುಮಾನ," ಅಂದ ಉಮಾಪತಯ್ಯ. ಯಾರು ಯಾರಿಗೆ ಹೇಳುವ ಮಾತು ನೋಡಿ! "ನಿಮ್ಮ ಹೆಜ್ಜೆ ಊರಿ, ಪಾಠಕ್ಕೆ ನಡೀರಿ."

ದ್ಯಾಮಕ್ಕ ಮಲ್ಲೇಶಿಯ ಹತ್ತಿರ ಹೋದಳು. "ಇವತ್ತು ಸಂಜೆ ಮೊದಲಿನ ಹಾಗೆ ಉಳಿಯೋಣ ಮಲ್ಲೇಶಿ. ತಾಯಂದಿರು ಬರೋವರೆಗೆ."

"ಯಾಕೆ?" ಅಂದ ಮಲ್ಲೇಶಿ. "ಉಳಿದದ್ದನ್ನ ಯಾರು ನೋಡ್ತಾರೆ? ಅವತ್ತು ಒಂದು ಗಳಿಗೆ ಹೆಚ್ಚು ಪಾಠ ಮಾಡಿದ್ದಕ್ಕೆ ನಿನಗೆ ಸಿಕ್ಕ ಮರ್ಯಾದೆ ನಾನೂ ನೋಡಿದ್ದೀನಿ ಅಕ್ಕಾ. ಕಾವಲು ಬೇಕಿದ್ದರೆ ಹೆಡ್‌ಮೇಷ್ಟ್ರು ಇದ್ದಾರಲ್ಲ, ಎತ್ತರದ ಕಲ್ಲಿನ ಮೇಲೆ."

ನಿಜ ಹೇಳಬೇಕೆಂದರೆ ದ್ಯಾಮಕ್ಕನಿಗೂ ಹಾಗೇ ಅನ್ನಿಸಿತ್ತು.

ಸಂಜೆಯಾಯಿತು. ಟಕ ಟಕ ಟಕ. ಎಲ್ಲರೂ ಹೆಜ್ಜೆ ಊರಿದರು. ಎಲ್ಲರೂ ಹೊರಟರು. ದ್ಯಾಮಕ್ಕನೂ ಹೊರಟಳು. ಹಿಂದಿನಿಂದ ಚೆನ್ನಿಯ ದನಿ ಕೇಳಿಸಿತು: "ಟೀಚರ್, ನಾಳೆನಾ?"

"ಹೂಂ, ನಾಳೆ," ಅಂದಳು. ತಿರುಗಿ ನೋಡಲಿಲ್ಲ.

ಏರಿಯ ತಿರುವಿನವರೆಗೆ ನಡೆದಳು. ಅಲ್ಲಿ ಕಾಲು ನಿಂತುಹೋಯಿತು. ಮುಂದಿಡು ಅಂದರೂ ಇಡದು. ಒಂಟಿಕಾಲಲ್ಲಿ ನಿಂತ ಆ ಮಧ್ಯಾಹ್ನ ನೆನಪಾಯಿತು, ಮೈ ಉರಿಯಿತು. ಹೆಡ್‌ಮೇಷ್ಟ್ರಿಗೆ ತಕ್ಕ ಪಾಠವಾಗಲಿ ಅನ್ನಿಸಿತು. ಆದರೆ ಆ ಪಾಠಕ್ಕೆ ಬೆಲೆ ತೆರುವವನು ಅವನಲ್ಲವಲ್ಲ! ಅವನಿಗೆ ರೆಕ್ಕೆಯಿದೆ, ಹಾರಿಹೋಗುತ್ತಾನೆ. ಚೆನ್ನಿ ನೇರವಾಗಿ ಓಡುತ್ತಾಳೆ.

"ಮಣ್ಣು ಅವನದು," ಅಂತ ದ್ಯಾಮಕ್ಕ ತನಗೆ ತಾನೇ ಹೇಳಿಕೊಂಡಳು. "ಚೆನ್ನಿ ನನ್ನವಳು."

ಹೇಳಿಕೊಂಡವಳು ಸುಮ್ಮನೆ ಓಡಿಬರಲಿಲ್ಲ. ಮೊದಲು ಮನೆಯ ಕಡೆಗೆ ಇನ್ನೂ ಸ್ವಲ್ಪ ದೂರ ಹೆಜ್ಜೆ ಗಟ್ಟಿಯಾಗಿ ಒತ್ತುತ್ತಾ ನಡೆದಳು. ಗಕ್ಕನೆ ತಿರುಗಿ ಅದೇ ಹೆಜ್ಜೆಗಳ ಮೇಲೆ ಕಾಲಿಡುತ್ತಾ ಹಿಂದಕ್ಕೆ ಬಂದಳು. ಏರಿಯ ಕಲ್ಲುಗಳ ಮೇಲಿಂದ ಪಕ್ಕಕ್ಕೆ ಒಂದೇ ನೆಗೆತ. ಆ ನೆಗೆತ ಎಷ್ಟು ಉದ್ದವಿತ್ತೆಂದರೆ ನಡುದಾರಿಯಲ್ಲಿ ಅವಳಿಗೆ ಒಂದು ಆಕಳಿಕೆ ಬಂತು. ಆಕಳಿಸಿ ಮುಗಿಸಿ ಬಂದು ಇಳಿದದ್ದು ಹೊಂಗೆಮರದ ಹಿಂದಿನ ಲಂಟಾನ ಪೊದೆಯೊಳಗೆ.

ನರಿ ಬಂತು. ಅವಸರವಿಲ್ಲ. ಮೊಲದ ಹೆಜ್ಜೆ ಮನೆಯ ಕಡೆ ಹೋದದ್ದನ್ನು ಮೂಸಿ, ತಲೆದೂಗಿ, ಬಾಲ ಸರಿಮಾಡಿಕೊಂಡು ಕಲ್ಲಿನ ಹತ್ತಿರ ಬಂದು ನಿಂತಿತು.

"ನಮಸ್ಕಾರ ಮೇಷ್ಟ್ರೇ. ಇವತ್ತೂ ಎಲ್ಲರ ಹಾಜರಿ ಬಿತ್ತಾ?"

"ಬನ್ನಿ ಬನ್ನಿ! ಬಿತ್ತು. ಒಂದು ಮನೆ ಖಾಲಿಯಿಲ್ಲ."

"ಟಿಟ್ಟಿಭದ್ದು? ಅವನ ಗಂಟಲು ಬಹಳ ಕೆಟ್ಟದ್ದು ನೋಡಿ."

"ಅವನದೂ ಬಿತ್ತು, ಹೋದ."

"ಮೊಲದ್ದು?"

"ಅವಳೂ ಹೋದಳು. ನನ್ನ ಶಾಲೆಯಲ್ಲಿ ಹೊತ್ತು ಅಂದರೆ ಹೊತ್ತು!"

"ಹಾಗಾದರೆ ಮರಿಗಳ ಹತ್ತಿರ ಈಗ ಯಾರೂ ಇಲ್ಲ."

"ಯಾರೂ ಇಲ್ಲ! ಒಬ್ಬರೂ..." ಅಂದ ಉಮಾಪತಯ್ಯನ ಕೊಕ್ಕು ಅಲ್ಲೇ ತೆರೆದುಕೊಂಡು ನಿಂತಿತು.

ನರಿ ಆಗಲೇ ಹೊಂಗೆಮರದ ಕಡೆ ತಿರುಗಿತ್ತು.

ಉಮಾಪತಯ್ಯ ಕೊಕ್ಕು ಬಡಿದ. ಟಕ ಟಕ ಟಕ! ಜೀವ ಹೋಗುವ ಹಾಗೆ ಬಡಿದ. ಟಕ ಟಕ ಟಕ ಟಕ! ಕೆರೆಯ ಆಚೆ ದಡದವರೆಗೂ ಕೇಳಿಸಿತು. ಮನೆಯ ದಾರಿಯಲ್ಲಿದ್ದ ಮಲ್ಲೇಶಿಗೂ ಕೇಳಿಸಿತು. "ಯಾರೋ ಹೆಜ್ಜೆ ಮರೆತಿದ್ದಾರೆ ಅಂತ ಕಾಣುತ್ತೆ. ನಂದು ಆಗಿದೆ," ಅಂದುಕೊಂಡು ಹುಳ ಹೆಕ್ಕುತ್ತಾ ಮುಂದೆ ನಡೆದ. ಉಳಿದವರಿಗೂ ಕೇಳಿಸಿತು. ಅವರದೂ ಆಗಿತ್ತು. ಒಬ್ಬರೂ ತಿರುಗಲಿಲ್ಲ.

ಮರಿಗಳು ನರಿಯನ್ನು ಕಂಡು ಕಲ್ಲಿನ ಪಕ್ಕ ಕಲ್ಲಾದವು, ಬೇರಿನ ಸಂದಿಯಲ್ಲಿ ಬೇರಾದವು. ಚೆನ್ನಿ ಒಬ್ಬಳು ಎದ್ದು ಓಡಿದಳು. ಮೂಗಿನ ನೇರಕ್ಕೆ, ಬಟ್ಟ ಬಯಲಿಗೆ. ನರಿ ಹಿಂದೆ ಬಿತ್ತು. ಹತ್ತು ಮಾರು. ಐದು ಮಾರು. ಅದರ ಬಿಸಿಯುಸಿರು ಚೆನ್ನಿಯ ಬಾಲದ ಗರಿಗೆ ತಾಗಿತು.

"ಚೆನ್ನಿ! ಎಡಕ್ಕೆ!"

ಪೊದೆಯಿಂದ ಬಂದ ಆ ದನಿ ಕೇಳಿದ್ದೇ ಚೆನ್ನಿಯ ಕಾಲು ತಾನಾಗಿ ವಾಲಿತು. ಗಿರಕ್ಕನೆ ತಿರುಗಿದಳು. ನರಿ ನಿಲ್ಲಲಾಗದೆ ಕೂಳೆಯ ಮೇಲೆ ಜಾರುತ್ತಾ ಹೋಯಿತು. ಆದರೆ ಅದು ಗುಡ್ಡ ಸುತ್ತಿದ ಹಳೆಯ ನರಿ, ಮತ್ತೆ ತಿರುಗಿ ಬಂತು. ಈಗ ಚೆನ್ನಿಯ ಎಡಕ್ಕೆ ಏರಿಯ ಕಲ್ಲುಗೋಡೆ. ತಿರುಗಿದರೆ ಬಲಕ್ಕೇ ತಿರುಗಬೇಕು. ಆ ಬಲಗಡೆಯ ಪಾಠ ಅವಳಿಗೆ ಆಗಿರಲಿಲ್ಲ. ನಾಳೆ, ನಾಳೆ ಅಂತ ನಿಂತುಹೋಗಿತ್ತು. ಚೆನ್ನಿ ಕಲ್ಲಿಗೆ ಬೆನ್ನು ಹಚ್ಚಿ ಕಣ್ಣು ಮುಚ್ಚಿದಳು.

ದ್ಯಾಮಕ್ಕ ಪೊದೆಯಿಂದ ಬಾಣದ ಹಾಗೆ ಬಂದು ನರಿಯ ಮೂಗಿನ ಕೆಳಗೇ ನುಗ್ಗಿದಳು. ನರಿಗೆ ಒಂದು ತುತ್ತಿನ ಕೌಜುಗಕ್ಕಿಂತ ಕೊಬ್ಬಿದ ಮೊಲ ವಾಸಿ ಅನ್ನಿಸಿತು. ಬಾಯಿ ಹಾಕಿತು. ಸಿಕ್ಕಿದ್ದು ಕಿವಿಯ ತುದಿ. ದ್ಯಾಮಕ್ಕ ಆ ತುದಿಯನ್ನು ಅಲ್ಲೇ ಬಿಟ್ಟು ನೇರವಾಗಿ ಎರೆಮಣ್ಣಿನ ಕಡೆ ಓಡಿದಳು. ದಿನಕ್ಕೆ ಮೂರು ಸಲ ಕಾಲಿಟ್ಟ ಜಾಗವಲ್ಲವೇ? ಎಲ್ಲಿ ಗಟ್ಟಿ, ಎಲ್ಲಿ ಮೆದು ಅಂತ ಅವಳಿಗೆ ಕಣ್ಣು ಕಟ್ಟಿದರೂ ಗೊತ್ತು. ಅಂಚಿನ ಗಟ್ಟಿ ಜಾಗದಲ್ಲಿ ಒಂದು ಕಾಲು ಊರಿ ಆಚೆಗೆ ಹಾರಿದಳು. ನರಿ ನಡುಮಧ್ಯಕ್ಕೆ ದೊಪ್ಪನೆ ಬಿತ್ತು.

ಆಳವಾದ ಎಮ್ಮೆಗುಂಡಿ, ದಿನಾ ನೀರು ಕುಡಿದ ಎರೆಮಣ್ಣು. ನರಿ ಹೊಟ್ಟೆಯವರೆಗೆ ಹೂತುಹೋಯಿತು. ಒದ್ದಾಡಿದಷ್ಟೂ ಕೆಳಗೆ. ಸೂರ್ಯ ಮುಳುಗಿ ತಾಯಂದಿರು ಬಂದು, ಚೆನ್ನಿಯನ್ನು ಅವಳಮ್ಮ ರೆಕ್ಕೆಯಡಿ ಎಳೆದುಕೊಂಡು ಹೋದ ಮೇಲೂ ನರಿ ಅಲ್ಲೇ ಇತ್ತು. ಕೊನೆಗೆ ಹೇಗೋ ತೆವಳಿ ಮೇಲೆ ಬಂತಂತೆ. ಮೈಗೆ ಮೆತ್ತಿದ ಮಣ್ಣು ಒಣಗಿ ಮಡಕೆಯಾಗಿ, ಆಮೇಲೆ ಅದು ಎಲ್ಲಿ ಹೋದರೂ ಠಣ್ ಠಣ್ ಸದ್ದು ಬರುತ್ತಿತ್ತು. ಆ ಸದ್ದಿಗೆ ಇಲಿಯೂ ಅದರ ಕೈಗೆ ಸಿಗದೆ, ಪಾಪ, ಆ ವರ್ಷವೆಲ್ಲ ಬಾರೆಹಣ್ಣು ತಿಂದು ಬದುಕಿತು.

ಮಾರನೆಯ ದಿನ ಬೆಳಿಗ್ಗೆ ಮೇಷ್ಟ್ರುಗಳೆಲ್ಲ ಬಂದರು. ಎರೆಮಣ್ಣಿನ ಮೇಲೆ ಒಬ್ಬರ ಹೆಜ್ಜೆಯೂ ಇರಲಿಲ್ಲ, ನರಿ ಹೊರಳಾಡಿದ ಗುರುತೇ ಎಲ್ಲಾ. ದ್ಯಾಮಕ್ಕ ಕಿವಿಗೆ ಸೊಪ್ಪು ಅರೆದು ಹಚ್ಚಿಕೊಂಡು ಬಂದಿದ್ದಳು. ಉಮಾಪತಯ್ಯ ಕಲ್ಲಿನ ಮೇಲಿರಲಿಲ್ಲ. ಕೆಳಗೆ, ಎರಡೂ ಕಾಲೂರಿ ನಿಂತಿದ್ದ.

"ನಿನ್ನೆ ಅಷ್ಟು ಕೊಕ್ಕು ಬಡಿದೆ," ಅಂದ ಅವನು. "ಒಬ್ಬರೂ ಯಾಕೆ ಬರಲಿಲ್ಲ?"

ಎಲ್ಲರೂ ನೆಲ ನೋಡಿದರು. ಮಲ್ಲೇಶಿಗೆ ಮಾತ್ರ ಸುಳ್ಳು ಹೇಳುವ ಅಭ್ಯಾಸ ಇರಲಿಲ್ಲ.

"ಸಾರ್," ಅಂದ, "ನಮ್ಮ ಹಾಜರಿ ಆಗಿತ್ತು."

ಉಮಾಪತಯ್ಯ ಮಣ್ಣಿನ ಮೇಲಿದ್ದ ನರಿಯ ಗುರುತನ್ನು ನೋಡಿದ. ಆಮೇಲೆ ದ್ಯಾಮಕ್ಕನ ಕಡೆ ತಿರುಗಿ, "ನಿಮ್ಮ ಹಾಜರಿಯೂ ಆಗಿತ್ತಲ್ಲ?" ಅಂತ ಕೇಳಿದ.

"ಆಗಿತ್ತು ಸಾರ್. ಪಾಠ ಆಗಿರಲಿಲ್ಲ."

ಉಮಾಪತಯ್ಯ ತನ್ನ ಉದ್ದನೆಯ ಕತ್ತು ತಗ್ಗಿಸಿದ. "ನಾನು ನಿಮ್ಮನ್ನ ಒಂಟಿಕಾಲಲ್ಲಿ ನಿಲ್ಲಿಸಬಾರದಿತ್ತು. ಮರಿ ತಿರುಗಿದಳು ಅಂತ ನೀವು ಓಡಿಬಂದಾಗ ನಾನು ಹೋಗಿ ನೋಡಬೇಕಿತ್ತು." ಆಮೇಲೆ, "ಈಗ ಬಂದರೆ ನೋಡಬಹುದಾ?" ಅಂತ ಕೇಳಿದ.

ಎರೆಮಣ್ಣಿನ ಗುಂಡಿಯ ಕಡ್ಡಿಗಳನ್ನು ಅವನೇ ಕಿತ್ತ. ಕಪ್ಪೆಗಳಿಗೆ ಬೇರೆ ಕೆಲಸವಿಲ್ಲದೆ ಅವೂ ಬಂದು ಪಾಠಕ್ಕೆ ಕೂತವು. ಉಮಾಪತಯ್ಯ ಪಾಠ ನೋಡುತ್ತಾ ನೋಡುತ್ತಾ, "ಅದೊಂದು ತಿರುವು ನನಗೂ ಹೇಳಿಕೊಡಿ," ಅಂದ. ಹೇಳಿಕೊಟ್ಟರು. ಓಡಿದ. ಎಡಗಾಲು ಎಡಕ್ಕೆ, ಬಲಗಾಲು ಬಲಕ್ಕೆ, ಕತ್ತು ಮಾತ್ರ ನೇರಕ್ಕೆ ಹೋಗಿ, ಮೂರೂ ಗಂಟುಬಿದ್ದು ದೊಪ್ಪನೆ ಬಿದ್ದ. ಗಂಟು ಬಿಡಿಸಲು ಅರ್ಧ ಶಾಲೆ ಬೇಕಾಯಿತು.

"ಸಾರ್, ನಿಮ್ಮದೂ ನೇರ ಕಾಲು!" ಅಂದಳು ಚೆನ್ನಿ. ಎಲ್ಲರೂ ನಕ್ಕರು. ಉಮಾಪತಯ್ಯನೂ ನಕ್ಕ.

ಎಲ್ಲವೂ ಒಂದೇ ದಿನಕ್ಕೆ ಸರಿಹೋಯಿತು ಅಂತ ತಿಳಿಯಬೇಡಿ. ಮಲ್ಲೇಶಿ ಇನ್ನೂ ಹದಿನೈದು ದಿನ ಹೊತ್ತಿಗೆ ಸರಿಯಾಗಿ ಮನೆಗೆ ಹೋಗುತ್ತಿದ್ದ. ಉಮಾಪತಯ್ಯ ಅವನನ್ನು ಯಾಕೆ ಅಂತ ಕೇಳಲಿಲ್ಲ. ಸಂಜೆಯ ಕಾವಲಿಗೆ ತಾನೇ ಹೊಂಗೆಮರದ ಕೆಳಗೆ ನಿಲ್ಲುತ್ತಿದ್ದ. ಹದಿನಾರನೆಯ ದಿನ ಮಲ್ಲೇಶಿ ಅರ್ಧದಾರಿಯಿಂದ ವಾಪಸು ಬಂದು, "ನಿಮ್ಮ ಕೊಕ್ಕಿನ ಸದ್ದು ಎಲ್ಲಿಗೆ ಸಾಲುತ್ತೆ ಸಾರ್? ಕೂಗಬೇಕಾದರೆ ನಾನೇ ಕೂಗಬೇಕು," ಅಂತ ಗೊಣಗುತ್ತಾ ಪಕ್ಕದಲ್ಲಿ ನಿಂತ.

ಒಂದು ಸಂಜೆ ಸೂರ್ಯ ಕೆರೆಯ ಅಂಚಿಗಿಳಿದಿದ್ದ. ಮರಿಗಳೆಲ್ಲ ಹೊರಟಿದ್ದವು. ಚೆನ್ನಿಯ ತಾಯಿಯೂ ಬಂದು ಕಾಯುತ್ತಿದ್ದಳು.

"ದ್ಯಾಮಕ್ಕ, ಹೊತ್ತಾಯ್ತು. ಇನ್ನು ಮನೆಗೆ ಹೊರಡಿ," ಅಂದ ಉಮಾಪತಯ್ಯ.

"ನೀವು ನಡೀರಿ ಸಾರ್," ಅಂದಳು ದ್ಯಾಮಕ್ಕ, ತಿರುಗಿಯೂ ನೋಡದೆ. "ಇವಳ ಬಲಗಡೆ ಇವತ್ತು ಬರೋ ಹಾಗಿದೆ."

ನೀತಿ: ಹೆಜ್ಜೆ ಎಣಿಸುವ ಯಜಮಾನನಿಗೆ ಬರೀ ಹೆಜ್ಜೆ ಸಿಗುತ್ತದೆ, ನಂಬಿ ಪಕ್ಕದಲ್ಲಿ ನಿಲ್ಲುವವನಿಗೆ ಮಾತ್ರ ಮನಸ್ಸಿಟ್ಟ ದುಡಿಮೆ ಸಿಗುತ್ತದೆ.